ಫಿರಂಗಿಯ ಮೇಲಿನ ಗೆರೆ

"ರೀ ಮೇಡಂ! ಮೊದ್ಲು ಶೂ ಬಿಚ್ಚಿ! ಆಮೇಲೆ ಅದರ ಮೇಲೆ ಕೈ ಇಡಿ!"

ಬೆನ್ನ ಹಿಂದಿನಿಂದ ಬಂದ ಕೂಗಿಗೆ ತನ್ಮಯಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಟಾರ್ಚ್ ಜಾರಿ ಕಲ್ಲಿನ ಮೇಲೆ ಉರುಳಿತು. ಅಷ್ಟು ಹೊತ್ತು ಅವಳು ಹೊಟ್ಟೆ ಅಡಿ ಮಾಡಿ ಮಲಗಿ, ಒಂದು ಹಳೆಯ ಫಿರಂಗಿಯ ಬಾಯಿಗೆ ಮುಖ ಒತ್ತಿ ಇಣುಕುತ್ತಿದ್ದಳು. ಸಭ್ಯ ಹುಡುಗಿ ಪರಿಚಯ ಮಾಡಿಕೊಳ್ಳುವ ಭಂಗಿಯಂತೂ ಅದಲ್ಲ!

ಎದ್ದು ನೋಡಿದಳು. ಎದುರಿಗೊಬ್ಬ ಯುವಕ. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದು ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಹೂವು. ಅಂಗಿಯ ತುಂಬ ಕಪ್ಪು ಮಸಿ. ಕಣ್ಣಲ್ಲಿ ಕೋಪ... ಆದರೂ ಚೆಂದದ ಕಣ್ಣು.

"ನಾನು ಪರಂಪರೆ ಸಮೀಕ್ಷೆಯವಳು. ಊರಲ್ಲಿರೋ ಹಳೇ ಫಿರಂಗಿಗಳನ್ನೆಲ್ಲ ಗುರುತಿಸಿ ಪಟ್ಟಿ ಮಾಡ್ತಿದೀವಿ. ಪರ್ಮಿಶನ್ ಇದೆ ನನ್ನ ಹತ್ರ."

"ಪರ್ಮಿಶನ್ ಶೂಗೂ ಇದೆಯಾ?"

"ಇದೇನು ದೇವರಾ?"

"ನಮ್ಮಪ್ಪಂಗೆ ಹೌದು."

ತನ್ಮಯಿ ಶೂ ಬಿಚ್ಚಿದಳು. ಅವನು ಹೂವನ್ನು ಫಿರಂಗಿಯ ಕತ್ತಿಗೆ ಸುತ್ತಿ, ಕಣ್ಣು ಮುಚ್ಚಿ ಕೈಮುಗಿದ.

ಪೀಣ್ಯದ ಆ ಸರ್ಕಾರಿ ಯಂತ್ರ ಕಾರ್ಖಾನೆ ಮುಚ್ಚಿ ಆರು ವರ್ಷವಾಗಿತ್ತು. ಐದಡಿ ಉದ್ದದ ಆ ಫಿರಂಗಿ, ಕಾರ್ಖಾನೆಗೆ ತಳಪಾಯ ತೋಡುವಾಗ ಮಣ್ಣಿನಲ್ಲಿ ಸಿಕ್ಕಿದ್ದು. ಅಂದಿನಿಂದ ಗೇಟಿನ ಪಕ್ಕದ ಕಲ್ಲಿನ ಪೀಠದ ಮೇಲೆ ಕೂತಿದೆ. ಪ್ರತಿ ಆಯುಧಪೂಜೆಗೆ ಕಾರ್ಮಿಕರೇ ಅದಕ್ಕೆ ಹೊಸ ಬಣ್ಣ ಬಳಿದು, ಬೂದುಗುಂಬಳ ಒಡೆಯುತ್ತಿದ್ದರು. ಯಂತ್ರಗಳೆಲ್ಲ ಹೋದವು, ಜನ ಹೋದರು, ಫಿರಂಗಿ ಮಾತ್ರ ಉಳಿಯಿತು. ಅದಕ್ಕೊಂದು ಹೂವೂ ಉಳಿಯಿತು. ಕಾರ್ಖಾನೆಯ ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ವಿಭಾಗದಲ್ಲಿ, ಮೇಲ್ವಿಚಾರಕರಾಗಿದ್ದ ಉಪೇಂದ್ರ ಪ್ರತಿ ಶುಕ್ರವಾರ ಮಗನ ಕೈಯಲ್ಲಿ ಆ ಹೂವು ಕಳಿಸುತ್ತಿದ್ದರು.

ಆ ಮಗನೇ ಋಷಿಕೇಶ್. ಪೀಣ್ಯದಲ್ಲೇ ಅವನದೊಂದು ಸಣ್ಣ ಎರಕದ ಶೆಡ್ ಇತ್ತು.

"ಒಂದು ಮಾತು ಮೇಡಂ," ಹೊರಡುವಾಗ ಅವನ ದನಿ ಮೆತ್ತಗಾಗಿತ್ತು. "ಏನು ಬೇಕಾದ್ರೂ ಅಳೀರಿ. ಆದ್ರೆ ಒಂದು ಚೂರೂ ಬಣ್ಣ ಕೆರೀಬೇಡಿ... ಅಪ್ಪ ನೊಂದ್ಕೋತಾರೆ."

"ಕೆರೆಯಲ್ಲ," ಎಂದಳು ತನ್ಮಯಿ.

ಆ ಒಂದು ಮಾತು ಮುಂದೆ ಎಷ್ಟು ದುಬಾರಿಯಾಗುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

* * *

ಅಲ್ಲಿಂದ ಒಂದೂವರೆ ತಿಂಗಳು, ಅವಳ ಸಮೀಕ್ಷೆಗೆ ಅವನ ಬೈಕೇ ವಾಹನವಾಯಿತು. ಹೇಗಾಯಿತು ಎಂದು ಕೇಳಬೇಡಿ. ಮಾದನಾಯಕನಹಳ್ಳಿಯಿಂದ ಅವಳು ಬರುವ ಬಸ್ಸು ಒಂದು ದಿನ ಕೈಕೊಟ್ಟಿತು, ಅವನು ಬಂದ. ಮರುದಿನ ಬಸ್ಸು ಸರಿಯಾಗೇ ಬಂತು, ಅವಳು ಹತ್ತಲಿಲ್ಲ!

ಮಹದೇವಪುರದ ಹಳೇ ಊರಿನ ಓಣಿಯೊಂದರ ಮೂಲೆಯಲ್ಲಿ, ಗಾಡಿಗಳು ಗೋಡೆಗೆ ಉಜ್ಜದಂತೆ ಯಾರೋ ತಲೆಕೆಳಗಾಗಿ ಹೂತಿದ್ದ ಫಿರಂಗಿ ಸಿಕ್ಕಿತು. ಬೊಮ್ಮನಹಳ್ಳಿಯ ಗೋದಾಮೊಂದರಲ್ಲಿ ಇನ್ನೊಂದು ಬಾಗಿಲಿಗೆ ಒತ್ತಾಗಿ ಬಿದ್ದಿತ್ತು. ಅವಳು ಅಳತೆ ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. 'ಪ್ರದರ್ಶನಕ್ಕೆ ಸೂಚಿಸಿದ ಸ್ಥಳ' ಎಂಬ ಕೊನೆಯ ಕಾಲಂ ಬಂದಾಗ ಮಾತ್ರ ಇಬ್ಬರೂ ಜಗಳ ಆಡುತ್ತಿದ್ದರು.

"ಮ್ಯೂಸಿಯಂ," ಎನ್ನುತ್ತಿದ್ದಳು ಅವಳು.

"ಯಾಕ್ರೀ? ಅದು ಎಲ್ಲಿತ್ತೋ ಅಲ್ಲೇ ಇರ್ಲಿ. ಅಲ್ಲಿಯೋರಿಗೆ ಗೊತ್ತು ಅದರ ಬೆಲೆ."

ಒಂದು ಸಂಜೆ ಜಾಲಹಳ್ಳಿ ಕ್ರಾಸಿನ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಅವನು ಅಪ್ಪನ ಕಥೆ ಹೇಳಿದ. "ತೊಂಬತ್ತೊಂದರಲ್ಲಿ ಫಿರಂಗಿ ಪೀಠ ಬಿರುಕು ಬಿಟ್ಟಿತ್ತಂತೆ. ಅದು ಸರಿಹೋಗೋವರೆಗೆ ಹನ್ನೆರಡು ದಿನ ಫಿರಂಗೀನ ಅಪ್ಪ ಫೌಂಡ್ರೀಲೇ ಇಟ್ಕೊಂಡಿದ್ರು. ರಾತ್ರಿ ಮನೆಗೂ ಬರ್ತಿರ್ಲಿಲ್ಲ, ಅಮ್ಮ ಇವತ್ತಿಗೂ ಅದನ್ನ ಸವತಿ ಅಂತಾರೆ!"

ತನ್ಮಯಿ ನಕ್ಕಳು. ನಗುತ್ತಾ ಅವನನ್ನೇ ನೋಡಿದಳು. 'ಇವನಿಗೆ ಹೇಳಿಬಿಡಬೇಕು... ಕೆಲಸ ಮುಗಿದ ದಿನ ಹೇಳಿಬಿಡ್ತೀನಿ,' ಎಂದುಕೊಂಡಳು.

ಆದರೆ ಕೆಲಸ ಮುಗಿದ ದಿನ ಬೇರೆಯದೇ ಆಯಿತು.

ಕೊನೆಯ ಬಾರಿ ಕಾರ್ಖಾನೆಯ ಫಿರಂಗಿಯ ಮೇಲೆ ಟಾರ್ಚನ್ನು ಅಡ್ಡ ಹಿಡಿದಾಗ, ನಡುಬೆನ್ನಿನ ಮೇಲೆ ಉದ್ದಕ್ಕೂ ಒಂದು ಉಬ್ಬಿದ ಗೆರೆ ಕಂಡಿತು. ಬೆರಳಾಡಿಸಿದಳು. ಬಾಯಿಂದ ಬುಡದವರೆಗೆ ನೇರ ಗೆರೆ! ಕೆಳಗೆ ಕೈ ತೂರಿಸಿದಳು. ಅಲ್ಲೂ ಅದೇ ಗೆರೆ.

ಇನ್ನೊಮ್ಮೆ ಟಾರ್ಚ್ ಹಿಡಿದು ನೋಡಿದಳು.

ಎರಡು ಅರ್ಧ ಅಚ್ಚುಗಳನ್ನು ಜೋಡಿಸಿ ಎರಕ ಹೊಯ್ದರೆ, ಅಚ್ಚು ಕೂಡಿದ ಕಡೆ ಇಂಥ ಗೆರೆ ಉಳಿಯುತ್ತದೆ. ಅವಳು ನೋಡಿದ ಹಳೆಯ ಫಿರಂಗಿಗಳಲ್ಲಿ ಒಂದಕ್ಕೂ ಹೀಗಿರಲಿಲ್ಲ. ಈಚೆಗೆ ಮಾಡಿದ ನಕಲುಗಳಿಗೆ ಮಾತ್ರ ಇತ್ತು.

ಒಂದು ಕಡೆ ಬಣ್ಣ ಕೆರೆದು ನೋಡಿದ್ದರೆ ಅನುಮಾನ ಅಲ್ಲೇ ಬಗೆಹರಿಯುತ್ತಿತ್ತು. ಚೀಲದಲ್ಲಿ ಕೆರೆಯುವ ಅಲಗು ಇತ್ತು. ಅದನ್ನು ಕೈಗೆ ತೆಗೆದುಕೊಂಡಳು... ಮತ್ತೆ ಚೀಲದೊಳಗೇ ಇಟ್ಟಳು.

'ಕೆರೆಯಲ್ಲ ಅಂದಿದ್ದೆ.'

ವರದಿಯಲ್ಲಿ 'ಅಸಲಿಯಲ್ಲ, ಈಚಿನ ನಕಲು' ಎಂದು ಬರೆದಳು. ಇತಿಹಾಸದ ಕಾಲಂನಲ್ಲಿ ಗೊತ್ತಿದ್ದನ್ನೆಲ್ಲ ಬರೆಯುವುದು ಅವಳ ಅಭ್ಯಾಸ. '೧೯೯೧ರಲ್ಲಿ ಪೀಠದ ದುರಸ್ತಿಗೆಂದು ಹನ್ನೆರಡು ದಿನ ಕಾರ್ಖಾನೆಯ ಫೌಂಡ್ರಿಯಲ್ಲಿತ್ತು' ಎಂಬ ಒಂದು ಸಾಲನ್ನೂ ಬರೆದಳು. ಯಾರ ಹೆಸರೂ ಹಾಕಲಿಲ್ಲ. ಆ ಎರಡು ಮಾತು ಅಕ್ಕಪಕ್ಕ ನಿಂತರೆ ಓದುವವರಿಗೆ ಏನು ಅನ್ನಿಸುತ್ತದೆ ಎಂದು ಯೋಚಿಸಲೂ ಇಲ್ಲ. ಬುದ್ಧಿವಂತೆಯೇ... ಆದರೆ ಅವತ್ತು ಬುದ್ಧಿ ಎಲ್ಲಿ ಹೋಗಿತ್ತೋ!

* * *

ನಾಲ್ಕನೇ ದಿನ, ಶನಿವಾರ, ಫೋನ್ ಬಂತು.

"ತನ್ಮಯಿ ಅವರೇ." ಅವನ ದನಿ ಕಲ್ಲಿನಂತಿತ್ತು. ಒಂದು ತಿಂಗಳಿಂದ 'ತನು' ಎನ್ನುತ್ತಿದ್ದವನು! "ಅಪ್ಪಂಗೆ ಕಾರ್ಖಾನೆ ಆಸ್ತಿ ನೋಡ್ಕೊಳ್ಳೋ ಆಫೀಸಿಂದ ಕಾಗದ ಬಂದಿದೆ. ಅಸಲಿ ಫಿರಂಗಿ ಮಾರಿ, ಅದೇ ಥರದ್ದೊಂದು ಎರಕ ಹೊಯ್ದು ಇಟ್ಟಿದೀರಾ ಅಂತ ಅನುಮಾನ. ಸೋಮವಾರ ಹನ್ನೊಂದು ಗಂಟೆಗೆ ಗೇಟ್ ಹತ್ರಾನೇ ಬಂದು ವಿವರಣೆ ಕೊಡ್ಬೇಕಂತೆ."

"ಏನು?!"

"ಹನ್ನೆರಡು ದಿನದ ವಿಷಯ ನಾನು ಯಾರಿಗೂ ಹೇಳಿರ್ಲಿಲ್ಲ ಕಣ್ರೀ. ನಿಮಗೆ ಒಬ್ಬರಿಗೇ ಹೇಳಿದ್ದು. ಕಾಫಿ ಕುಡೀತಾ, ನಗ್ತಾ ಹೇಳಿದ್ದು."

"ಋಷಿ, ನಾನು ಹಾಗಂತ..."

"ಬೈಕಲ್ಲಿ ಕೂತಿದ್ದೂ ಸಮೀಕ್ಷೆಗೇನಾ? ಎಲ್ಲ ಬರ್ಕೊಂಡ್ರಾ?"

ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು. ಎತ್ತಲಿಲ್ಲ. ಹದಿಮೂರು ಸಲ ಮಾಡಿದಳು... ಎತ್ತಲಿಲ್ಲ.

ಅವಳ ಮೇಲಧಿಕಾರಿ ಕೃಪಾ ಮೇಡಂ ಇನ್ನೊಂದು ಬಾಂಬ್ ಹಾಕಿದರು. "ಅಸಲಿಯಲ್ಲ ಅಂತ ನೀನೇ ಬರೆದ್ಮೇಲೆ ಅದು ಬರೀ ಕಬ್ಬಿಣ ಅಲ್ವೇನಮ್ಮ? ಸೋಮವಾರ ಕಾರ್ಖಾನೆಗೆ ಗುಜರಿ ಲಾರಿ ಬರ್ತಿದೆ, ಅದರ ಜೊತೆ ಹೋಗುತ್ತೆ. ಸಂಜೆ ಒಳಗೆ ಕುಲುಮೆಗೆ."

ಕುಲುಮೆಗೆ! ಕರಗಿಹೋದರೆ ಇನ್ಯಾವ ಪರೀಕ್ಷೆ? ಇನ್ಯಾವ ಸಾಕ್ಷಿ? ಆ ಮನುಷ್ಯ ಸಾಯುವವರೆಗೂ ಕಳ್ಳ ಎನ್ನಿಸಿಕೊಂಡೇ ಇರಬೇಕು.

* * *

ಭಾನುವಾರ ಮಧ್ಯಾಹ್ನ ಅವಳು ಅವರ ಮನೆಯ ಬಾಗಿಲು ತಟ್ಟಿದಳು. ಬೈಸಿಕೊಳ್ಳಲೆಂದೇ ಹೋಗಿದ್ದಳು.

ಬಾಗಿಲು ತೆರೆದ ಋಷಿಕೇಶ್ ಅವಳನ್ನು ಕಂಡೊಡನೆ ಮುಚ್ಚಲು ಹೋದ.

"ಯಾರೋ ಅದು? ಒಳಗೆ ಬಿಡೋ!" ಅವನ ಅಮ್ಮ ವತ್ಸಲಾ ಮಗನ ಕೈ ಸರಿಸಿದರು. "ಬಾಮ್ಮ. ಮನೆ ಬಾಗಿಲಿಗೆ ಬಂದೋರನ್ನ ಹಂಗೆ ಕಳಿಸಲ್ಲ ನಾವು."

ಗೋಡೆಯ ಮೇಲೆ ಒಂದು ಚೌಕ ಮಾತ್ರ ಬೆಳ್ಳಗಿತ್ತು. ಇಪ್ಪತ್ತೈದು ವರ್ಷದ ಸೇವೆಗೆ ಪದಕ ಪಡೆಯುತ್ತಿದ್ದ ಫೋಟೋವನ್ನು ಉಪೇಂದ್ರ ತಾವೇ ಇಳಿಸಿಬಿಟ್ಟಿದ್ದರು. ಅವರು ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು.

"ಅಂಕಲ್... ನನ್ನಿಂದ ತಪ್ಪಾಯ್ತು. ನೀವು ಹೀಗೆ ಮಾಡಿದ್ರಿ ಅಂತ ನಾನು ಬರೆದಿಲ್ಲ, ಆದ್ರೆ ನಾನು ಬರೆದಿದ್ದರಿಂದಲೇ ಹೀಗಾಯ್ತು."

ಉಪೇಂದ್ರ ತಿರುಗಲಿಲ್ಲ. "ನಿಂಗೆ ಕಂಡಿದ್ದು ನೀನು ಬರೆದೆ ಕಣಮ್ಮ. ನಂಗೆ ಗೊತ್ತಿಲ್ದೆ ಯಾರಾದ್ರೂ ಬದಲಾಯಿಸಿದ್ರಾ ಅಂತ ನಾನೇ ಯೋಚ್ನೆ ಮಾಡ್ತಿದೀನಿ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ..."

'ಇವರು ತಮ್ಮ ಮೇಲೆ ತಾವೇ ಅನುಮಾನ ಪಡುವಂತೆ ಮಾಡಿದೆನಲ್ಲ!' ಎಂದುಕೊಂಡಳು ತನ್ಮಯಿ.

ವತ್ಸಲಾ ಹಳೆಯ ಫೋಟೋಗಳ ರಾಶಿಯನ್ನು ಒರೆಸುತ್ತಾ ಕೂತಿದ್ದರು. "ನೋಡಮ್ಮ, ಈ ಮನುಷ್ಯ ಅದನ್ನ ಮಾರ್ತಾನಾ? ಆಯುಧಪೂಜೆ ಬಂತಂದ್ರೆ ಇವರ ಹುಚ್ಚು ನೋಡ್ಬೇಕಿತ್ತು."

ಅವರು ಚಾಚಿದ ಫೋಟೋವನ್ನು ತನ್ಮಯಿ ತೆಗೆದುಕೊಂಡಳು. ಫಿರಂಗಿಯ ಎರಡೂ ಕಡೆ ಬ್ರಷ್ ಹಿಡಿದ ಗಂಡಸರು. ಎಡಭಾಗ ಹೊಸ ಬಣ್ಣದಲ್ಲಿ ಫಳಫಳ, ಬಲಭಾಗ ಇನ್ನೂ ಮಾಸಲು.

"ಆಂಟಿ... ಅರ್ಧ ಮಾತ್ರ ಯಾಕೆ ಬಳಿದಿದಾರೆ?"

"ಅಯ್ಯೋ, ಅದೊಂದು ದೊಡ್ಡ ರಾಮಾಯಣ! ಎಡಗಡೆ ಇವರ ಎ ಶಿಫ್ಟಿನವರದ್ದು, ಬಲಗಡೆ ಬಿ ಶಿಫ್ಟಿನವರದ್ದು. ಮೊದ್ಲು ಇವರು ಬಳಿಯೋರು, ಇವರ ಶಿಫ್ಟ್ ಮುಗಿದ್ಮೇಲೆ ಅವರು. ಯಾರ ಕಡೆ ಚೆನ್ನಾಗಿದೆ ಅಂತ ಪಂದ್ಯ. ಇವರು ಬೇಕಂತಲೇ ಒಂದಿಂಚು ಆ ಕಡೆ ಸೇರಿಸಿ ಬಳಿಯೋರು. ಅವರು ಬಿಡ್ತಾರಾ? ಒಂದಿಂಚು ಈ ಕಡೆ ಬಳಿಯೋರು! ನಲವತ್ತು ವರ್ಷ ಇದೇ ಜಗಳ."

ತನ್ಮಯಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದಳು.

ನಡುವಿನ ಪಟ್ಟಿಗೆ ಮಾತ್ರ ಪ್ರತಿ ವರ್ಷ ಎರಡು ಸಲ ಬಣ್ಣ... ಮೇಲೂ, ಕೆಳಗೂ... ನಲವತ್ತು ವರ್ಷ!

"ಅದು ಅಚ್ಚಿನ ಗೆರೆ ಅಲ್ಲ..." ಅವಳಿಗೇ ಕೇಳಿಸದಷ್ಟು ಮೆಲ್ಲಗೆ ಅಂದಳು. ಆಮೇಲೆ ಕಿರುಚಿಯೇಬಿಟ್ಟಳು. "ಅಂಕಲ್! ಅದು ಬಣ್ಣ! ಬರೀ ಬಣ್ಣ!"

ಉಪೇಂದ್ರ ಮೊದಲ ಬಾರಿಗೆ ತಿರುಗಿ ನೋಡಿದರು. ಋಷಿಕೇಶ್ ಮಾತ್ರ ಬಾಗಿಲಲ್ಲೇ ನಿಂತು, "ಇದೂ ನಿಮ್ಮ ಅಂದಾಜು ತಾನೇ?" ಎಂದ.

ಆ ಮಾತು ಚುಚ್ಚಿತು. ಆದರೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಫಿರಂಗಿಯನ್ನು ಕೆರೆದು ನೋಡದೆ ಅವಳು ಯಾವುದನ್ನೂ ಸಾಬೀತು ಮಾಡುವಂತಿರಲಿಲ್ಲ.

* * *

ಸೋಮವಾರ. ತುಮಕೂರು ರಸ್ತೆಯಲ್ಲಿ ಲಾರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹತ್ತೂ ನಲವತ್ತು! ತನ್ಮಯಿ ಆಟೋದಿಂದಿಳಿದು ಓಡಿದಳು. ಚೀಲದಲ್ಲಿ ಬಣ್ಣ ಕರಗಿಸುವ ದ್ರಾವಣದ ಡಬ್ಬಿ, ಅಲಗು, ಬಟ್ಟೆ.

ಗೇಟಿನ ಬಳಿ ಬಂದಾಗ ಕ್ರೇನಿನ ಪಟ್ಟಿ ಆಗಲೇ ಫಿರಂಗಿಯ ಹೊಟ್ಟೆಗೆ ಬಿಗಿದಿತ್ತು.

"ನಿಲ್ಲಿಸಿ! ಅಣ್ಣಾ, ನಿಲ್ಲಿಸಿ!"

ಕಾರ್ಖಾನೆಯ ಆಸ್ತಿ ನೋಡಿಕೊಳ್ಳುವ ಅಧಿಕಾರಿ ಮುರಿಗೆಪ್ಪ ಕೈಯಲ್ಲಿದ್ದ ಹಾಳೆಯನ್ನು ಅವಳ ಮುಂದೆ ಹಿಡಿದರು. "ಏನ್ ಮೇಡಂ ಇದು? ನಕಲು ಅಂತ ನಿಮ್ದೇ ಸಹಿ ಇದೆ."

"ಆ ಸಹಿ ತಪ್ಪು ಸಾರ್. ಹದಿನೈದು ನಿಮಿಷ ಕೊಡಿ."

"ತಪ್ಪು ಅಂತ ಬರ್ದು ಕೊಡಿ ಹಂಗಾದ್ರೆ. ನಿಮ್ಮ ಆಫೀಸಿಗೆ ಕಳಿಸ್ತೀನಿ. ಆಮೇಲೆ ನಿಮ್ಮ ಕೆಲಸ ಉಳಿಯುತ್ತಾ ನೋಡ್ಕೊಳ್ಳಿ."

ತನ್ಮಯಿ ಒಂದು ಕ್ಷಣವೂ ತಡೆಯಲಿಲ್ಲ. ಕ್ರೇನಿನ ಬಾನೆಟ್ ಮೇಲೆ ಹಾಳೆ ಇಟ್ಟು, 'ಪರೀಕ್ಷೆ ಪೂರ್ತಿ ಮಾಡದೆ ನಾನು ತಪ್ಪು ವರದಿ ಕೊಟ್ಟಿದ್ದೇನೆ' ಎಂದು ಬರೆದು ಸಹಿ ಹಾಕಿದಳು.

ತಲೆ ಎತ್ತಿದಾಗ ಎದುರಿಗೆ ಉಪೇಂದ್ರ ನಿಂತಿದ್ದರು. ಇಸ್ತ್ರಿ ಮಾಡಿದ ಹಳೆಯ ಕಾರ್ಖಾನೆಯ ಸಮವಸ್ತ್ರ. ಪಕ್ಕದಲ್ಲಿ ಋಷಿಕೇಶ್. ಅವನು ಆ ಹಾಳೆಯನ್ನೇ ನೋಡುತ್ತಿದ್ದ.

ಅವಳು ಶೂ ಬಿಚ್ಚಿದಳು. ಉಪೇಂದ್ರರ ಮುಂದೆ ಹೋಗಿ ನಿಂತಳು.

"ಅಂಕಲ್, ಇದನ್ನ ಕೆರೆಯಬೇಕು. ನೀವು ಹೂಂ ಅಂದ್ರೆ ಮಾತ್ರ."

ಆ ಮುದಿ ಕಣ್ಣು ಒದ್ದೆಯಾಯಿತು. "ಕೆರಿಯಮ್ಮ."

ದ್ರಾವಣ ಹಚ್ಚಿದಳು. ಮೇಲೆ ಮೆಟ್ರೋ ರೈಲೊಂದು ಗಡಗಡ ಎಂದು ಹೋಯಿತು. ಬಣ್ಣ ಉಬ್ಬಿತು. ಅವಳು ಅಲಗು ಒತ್ತಿ ಎಳೆದಳು. ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಎದ್ದು ಬಂತು... ಬೆಳ್ಳಿ, ಕಪ್ಪು, ಮತ್ತೆ ಬೆಳ್ಳಿ, ಯಾವುದೋ ವರ್ಷದ ಹಸಿರು...

ಕೊನೆಗೆ ಕಬ್ಬಿಣ ಕಂಡಿತು. ನಯವಾಗಿತ್ತು.

ಬೆರಳಾಡಿಸಿದಳು. ಗೆರೆ ಇರಲಿಲ್ಲ!

"ಇಷ್ಟೇ ಸಾಲಲ್ಲ ಮೇಡಂ," ಮುರಿಗೆಪ್ಪ ಅಂದರು. "ಚೆನ್ನಾಗಿ ಉಜ್ಜಿ ಮಾಡಿದ ನಕಲೂ ಇರಬಹುದಲ್ಲ?"

ತನ್ಮಯಿ, ಹಳೆಯ ಫಿರಂಗಿಗಳಿಗೆ ಗುರುತು ಕೊರೆಯುತ್ತಿದ್ದ ಬುಡದ ಕಡೆ ಸರಿದಳು. ಅವಸರದಲ್ಲಿ ಕೆರೆದಳು. ಅಲಗು ಜಾರಿ ಹೆಬ್ಬೆರಳಿಗೆ ತಾಗಿತು, ರಕ್ತ ಬಂತು. ಅವಳು ನಿಲ್ಲಿಸಲಿಲ್ಲ. ಒಂದು ಕೈ ಬಂದು ಅವಳಿಂದ ಅಲಗನ್ನು ತೆಗೆದುಕೊಂಡಿತು.

ಋಷಿಕೇಶ್.

ಅವನು ಕೆರೆಯತೊಡಗಿದ. ಬಣ್ಣದ ಅಡಿಯಿಂದ ಉಳಿಯಲ್ಲಿ ಕೊರೆದ ಅಂಕಿಗಳು ಒಂದೊಂದಾಗಿ ಮೇಲೆದ್ದವು. ಒಂಬತ್ತು... ಎರಡು... ಹದಿನಾಲ್ಕು.

"ತೂಕ!" ತನ್ಮಯಿ ಕೂಗಿದಳು. "ಬ್ರಿಟಿಷರ ಕಾಲದಲ್ಲಿ ಫಿರಂಗಿ ತೂಕವನ್ನ ಹೀಗೇ ಕೊರೀತಿದ್ರು. ಒಂಬತ್ತು ಅಂದ್ರೆ ಒಂಬತ್ತು ಸಲ ನೂರಾ ಹನ್ನೆರಡು ಪೌಂಡ್. ಎರಡು ಅಂದ್ರೆ ಆ ನೂರಾ ಹನ್ನೆರಡರ ಕಾಲು ಭಾಗ ಎರಡು ಸಲ. ಮೇಲೆ ಹದಿನಾಲ್ಕು ಪೌಂಡ್. ಒಟ್ಟು ಸಾವಿರದ ಎಪ್ಪತ್ತೆಂಟು..." ಮೊಬೈಲಿನಲ್ಲಿ ಒತ್ತಿದಳು. "ನಾನೂರ ಎಂಬತ್ತೊಂಬತ್ತು ಕಿಲೋ! ಸಾರ್, ಕ್ರೇನಿನ ಕೊಕ್ಕೆಗೆ ತಕ್ಕಡಿ ಇದೆಯಲ್ಲ, ಎತ್ತಿಸಿ. ಕಣ್ಣಳತೆಯಲ್ಲಿ ಮಾಡಿದ ನಕಲು ಆ ತೂಕ ಬರೋದು ಕಷ್ಟ."

ಕ್ರೇನ್ ಗುಡುಗಿತು. ಫಿರಂಗಿ ಪೀಠದಿಂದ ಒಂದಡಿ ಮೇಲೆದ್ದು ತೂಗಾಡಿತು. ಕೆಂಪು ಅಂಕಿಗಳು ಓಡಿದವು... ೪೮೦... ೫೦೧... ೪೯೬... ಉಪೇಂದ್ರ ಕಣ್ಣು ಮುಚ್ಚಿಕೊಂಡಿದ್ದರು.

ಅಂಕಿ ನಿಂತಿತು. ನಾನೂರ ತೊಂಬತ್ತೆರಡು.

"ಮೂರು ಕಿಲೋ ಜಾಸ್ತಿ ಇದೆಯಲ್ರೀ?" ಮುರಿಗೆಪ್ಪ ಹುಬ್ಬು ಗಂಟಿಕ್ಕಿದರು.

ಉಪೇಂದ್ರ ಕಣ್ಣು ತೆರೆದರು. ನೆಲದ ಮೇಲೆ ಬಿದ್ದಿದ್ದ ಬಣ್ಣದ ಸಿಪ್ಪೆಯೊಂದನ್ನು ಎತ್ತಿಕೊಂಡರು.

"ಆ ಮೂರು ಕಿಲೋ ನಾವು ಬಳಿದಿದ್ದು ಸಾರ್... ಎರಡೂ ಶಿಫ್ಟಿನವರು."

ಮುರಿಗೆಪ್ಪ ವಿಚಾರಣೆಯ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, "ಇಳಿಸ್ರಪ್ಪಾ, ಮೆಲ್ಲಗೆ ಇಳಿಸಿ," ಎಂದು ಕ್ರೇನಿನವನಿಗೆ ಕೈ ಮಾಡಿದರು.

* * *

ಜನ ಚದುರಿದ ಮೇಲೆ ಅವಳು ಶೂ ಹಾಕಿಕೊಳ್ಳುತ್ತಾ ಪೀಠದಿಂದಾಚೆ ನೆಲದ ಮೇಲೆ ಕೂತಳು. ಈಗ ಅಳು ಬಂತು. ತಡೆಯಲೂ ಇಲ್ಲ. ಋಷಿಕೇಶ್ ಕರ್ಚೀಫನ್ನು ಅವಳ ಹೆಬ್ಬೆರಳಿಗೆ ಸುತ್ತಿದ.

"ಒಂದು ಕೇಳ್ಲಾ? ಅವತ್ತೇ ಕೆರೆದು ನೋಡಿದ್ರೆ ಗೊತ್ತಾಗ್ತಿತ್ತು. ಅಲಗು ಚೀಲದಲ್ಲೇ ಇತ್ತು. ಯಾಕೆ ಕೆರೀಲಿಲ್ಲ?"

"ನೀವು ಬೇಡ ಅಂದಿದ್ರಿ."

ಅವನ ಕೈ ನಿಂತಿತು.

ಅದೊಂದು ಮಾತನ್ನು ಅವಳು ಫೋನಿನಲ್ಲಿ ಹೇಳಿರಲಿಲ್ಲ. ಮನೆಗೆ ಬಂದಾಗಲೂ ಹೇಳಿರಲಿಲ್ಲ. ಮುರಿಗೆಪ್ಪನವರ ಹಾಳೆಯಲ್ಲೂ ಬರೆದಿರಲಿಲ್ಲ. ತಪ್ಪನ್ನೆಲ್ಲ ತನ್ನೊಬ್ಬಳ ತಲೆಗೇ ಕಟ್ಟಿಕೊಂಡಿದ್ದಳು.

"ಹೇಳಬಹುದಿತ್ತಲ್ಲ ತನು..."

"ಕೆರೆಯದೆ ಸಹಿ ಹಾಕಿದ್ದು ನಾನು. ಅದಕ್ಕೆ ನಿಮ್ಮನ್ನ ಯಾಕೆ ಎಳೀಲಿ?"

"ಸಮೀಕ್ಷೆಗೇ ಬೈಕಲ್ಲಿ ಕೂತ್ರಾ ಅಂದ್ಬಿಟ್ಟೆ..." ಅವನು ಕರ್ಚೀಫಿನ ಗಂಟು ಬಿಗಿದ. "ಕ್ಷಮಿಸ್ತೀರಾ?"

"ಬಸ್ಸು ಬರ್ತಿತ್ತು," ಅವಳು ಕಣ್ಣೊರೆಸಿಕೊಂಡಳು. "ಆ ಮೊದಲ ದಿನ ಬಿಟ್ರೆ ದಿನಾ ಟೈಮಿಗೆ ಸರಿಯಾಗಿ ಬರ್ತಿತ್ತು ಋಷಿ. ನಾನು ಹತ್ತುತ್ತಿರಲಿಲ್ಲ. ನೀವಂದ್ರೆ ನಂಗೆ ಅಷ್ಟು ಇಷ್ಟ."

ಕರ್ಚೀಫು ಸುತ್ತಿದ ಆ ಕೈಯನ್ನು ಅವನು ಬಿಡಲಿಲ್ಲ.

* * *

ಕೆಲಸವೇನೋ ಉಳಿಯಿತು. ಕೃಪಾ ಮೇಡಂ ಒಂದು ಗಂಟೆ ಬೈದು, ಹೊಸ ವರದಿ ಬರೆಸಿದರು. ಕೊನೆಯ ಕಾಲಂ ಬಂದಾಗ ತನ್ಮಯಿ ಪೆನ್ನು ಕೆಳಗಿಟ್ಟು, ಬಣ್ಣ ಬಳಿದವರನ್ನೇ ಕೇಳೋಣ ಎಂದಳು.

"ಮ್ಯೂಸಿಯಮ್ಮಲ್ಲಿಟ್ರೆ ನಾವು ಟಿಕೆಟ್ ತಗೊಂಡು ನೋಡ್ಬೇಕು," ಎಂದರು ಉಪೇಂದ್ರ. "ಇಲ್ಲೇ ಇದ್ರೆ ಬಸ್ಸಲ್ಲಿ ಹೋಗೋರೂ ನೋಡ್ತಾರೆ."

ಹೀಗೆ ಫಿರಂಗಿ ಗೇಟಿನ ಪಕ್ಕದಲ್ಲೇ ಉಳಿಯಿತು. ಮೇಲೊಂದು ಚಾವಣಿ, ಎದುರಿಗೊಂದು ಫಲಕ. ನಡುಬೆನ್ನಿನ ಮೇಲೆ ಅಂಗೈಯಗಲದ ಜಾಗದಲ್ಲಿ ಮಾತ್ರ ಹಳೆಯ ಬಣ್ಣವನ್ನು, ಆ ಗೆರೆಯ ಸಮೇತ, ಹಾಗೇ ಉಳಿಸಿದ್ದಳು ತನ್ಮಯಿ.

ಆಯುಧಪೂಜೆಯ ದಿನ ಎರಡೂ ಶಿಫ್ಟಿನ ಮುದುಕರು ಬಂದರು. ಇನ್ನು ಬಣ್ಣ ಬಳಿಯುವಂತಿಲ್ಲ ಎಂದು ಗೊಣಗಿಕೊಂಡೇ ಬೂದುಗುಂಬಳ ಒಡೆದರು. ಉಪೇಂದ್ರ ಅರಿಸಿನದ ಬಟ್ಟಲನ್ನು ತಂದು ಪೀಠದ ಮೇಲಿಟ್ಟರು.

"ಪೀಠಕ್ಕಾದ್ರೂ ಹಚ್ಚಿ. ಋಷಿ, ನೀನು ನಮ್ಮ ಕಡೆ, ಎಡಕ್ಕೆ. ತನ್ಮಯಿ, ನೀನು ಬಲಕ್ಕಮ್ಮ."

"ಇಲ್ಲೂ ಜಗಳ ಹಚ್ಚಿದ್ರಾ?" ವತ್ಸಲಾ ನಕ್ಕರು. "ಸೊಸೆ ಆಗೋಳನ್ನ ಬಿ ಶಿಫ್ಟಿಗೆ ಹಾಕ್ತಾರೇನ್ರೀ?"

ತನ್ಮಯಿಯ ಮುಖ ಕೆಂಪಾಯಿತು. ಇಬ್ಬರೂ ಒಂದೊಂದು ತುದಿಯಿಂದ ಹಚ್ಚುತ್ತಾ ನಡುವಿಗೆ ಬಂದರು. ಅರಿಸಿನದ ಕೈಗೆ ಅರಿಸಿನದ ಕೈ ತಾಗಿತು. ಋಷಿಕೇಶ್ ಬೇಕೆಂದೇ ಒಂದಿಂಚು ಅವಳ ಕಡೆ ದಾಟಿಸಿ ಹಚ್ಚಿದ.

"ಏಯ್! ಅದು ನನ್ನ ಕಡೆ!"

"ಗೊತ್ತು. ಹೀಗೇ ಪ್ರತಿ ವರ್ಷ ದಾಟ್ತೀನಿ. ಮಧ್ಯದಲ್ಲಿ ದಪ್ಪಗೆ ಗೆರೆ ಬೀಳುತ್ತೆ ನೋಡು."

ಅವಳು ಅರಿಸಿನದ ಬೆರಳನ್ನು ಅವನ ಕಡೆಗೆ ಒಂದಿಂಚು ಎಳೆದಳು.

"ಬೀಳಲಿ ಬಿಡೋ... ಈ ಸಲ ನಂಗೆ ಗೊತ್ತು, ಅದು ಹೇಗೆ ಬಿತ್ತು ಅಂತ."